ಗುಂಡಣ್ಣ ನಿಲ್ಲಬಾರದ ಬಾಗಿಲು

ಆ ಅಕ್ಷರಗಳಿಗೆ ಗುಂಡಣ್ಣ ಎಂದು ಹೆಸರಿಟ್ಟವಳು ಅಕ್ಕ. ಅವಳ ತಮ್ಮ ವರ್ಷಗಟ್ಟಲೆ ಕೂತು ತಿದ್ದಿ ತೀಡಿದ ಫಾಂಟಿನ ದಪ್ಪ ಅಕ್ಷರಗಳವು. ಹುಡುಕಿದರೂ ಒಂದು ಮೂಲೆ ಸಿಗದು. ಗೆರೆಗಳ ತುದಿಯೆಲ್ಲ ಬೆರಳ ತುದಿಯಂತೆ ದುಂಡಗೆ. "ಹೊಟ್ಟೆ ಬಿರಿಯ ತಿಂದು ಸಾಲಾಗಿ ಕೂತಿರೋ ಹಾಗಿದಾವೆ ಕಣೋ," ಎಂದು ನಕ್ಕಿದ್ದಳು. ಅವನಿಗೆ ಆ ಹೊಟ್ಟೆಗಿಂತ ಗೆರೆಗಳ ನಡುವೆ ಉಳಿಯುವ ಬಿಳಿ ಜಾಗವೇ ಮುಖ್ಯ. ಗೆರೆ ದಪ್ಪವಾದಷ್ಟೂ ಆ ಜಾಗ ಕಿರಿದಾಗಿ, ದೂರದಿಂದ ಅಕ್ಷರವೇ ಮಸಿಯ ಉಂಡೆಯಾಗಿಬಿಡುತ್ತದೆ. ಅದನ್ನು ಉಳಿಸಿಕೊಳ್ಳುವುದರಲ್ಲೇ ಅವನ ಕಣ್ಣು ಸೋತಿತ್ತು.

ಮೊದಲು ಆಟಿಕೆ ಅಂಗಡಿಯೊಂದು ತನ್ನ ಬೋರ್ಡಿಗೆಂದು ಕೊಂಡಿತು. ಆಮೇಲೆ ಅಕ್ಕ ನರ್ಸಾಗಿದ್ದ ಆಸ್ಪತ್ರೆಯ ಮಕ್ಕಳ ವಾರ್ಡು. ಎಕ್ಸ್‌ರೇ, ಚುಚ್ಚುಮದ್ದು, ಕೈ ತೊಳೆಯಿರಿ, ಎಲ್ಲದರ ಮೇಲೂ ಗುಂಡಣ್ಣ. ಈಗ ಇಡೀ ಆಸ್ಪತ್ರೆಗೇ ಹಾಕಿಸುವ ಮಾತು. ಅದೊಂದು ಕೈಗೂಡಿದರೆ ಜಾಹೀರಾತು ಕಂಪನಿಯ ಚಾಕರಿ ಬಿಟ್ಟು ಅಕ್ಷರಗಳನ್ನೇ ನಂಬಿ ಬದುಕಬಹುದಿತ್ತು.

ಒಪ್ಪಂದಕ್ಕೆ ಸಹಿ ಹಾಕಲು ಬಂದವನನ್ನು ಅಕ್ಕ ಕಾರಿಡಾರಿನ ಕೊನೆಗೆ ಕರೆದೊಯ್ದಳು.

"ಇದನ್ನೊಂದು ನೋಡ್ಬಿಡು."

ಬಾಗಿಲ ಮೇಲೆ ಹಳದಿ ಹಲಗೆ: ಸಮಾಲೋಚನೆ ಕೊಠಡಿ.

"ಇಲ್ಲೇನು ಮಾಡ್ತಾರಕ್ಕಾ?"

"ಮಗು ಉಳಿಯಲ್ಲ ಅಂತ ಅಪ್ಪ ಅಮ್ಮಂಗೆ ಹೇಳ್ತಾರೆ." ಹಲಗೆಯತ್ತ ಬೆರಳು ತೋರಿದಳು: "ಬೆಳಿಗ್ಗೆ ಒಬ್ರು ಹೊರಗೆ ಬಂದು ಇದನ್ನೇ ನೋಡ್ತಾ ನಿಂತ್ರು. ಆಮೇಲೆ ಬೆನ್ನು ತಿರುಗಿಸಿದ್ರು."

ಅವನು ತಲೆಯೆತ್ತಿ ನೋಡಿದ. ಆಟಿಕೆ ಅಂಗಡಿಯಲ್ಲಿದ್ದ ಅದೇ ಅಕ್ಷರಗಳು, ಅದೇ ಹುಮ್ಮಸ್ಸು. ಎಲ್ಲಿ ನಿಂತಿದ್ದೇವೆಂಬ ಪರಿವೆಯೇ ಅವುಗಳಿಗಿರಲಿಲ್ಲ.

ಅಷ್ಟರಲ್ಲಿ ಅವನನ್ನು ಹುಡುಕುತ್ತ ಮ್ಯಾನೇಜರ್ ಬಂದರು. ಈ ಬಾಗಿಲಿಗೆ ಗುಂಡಣ್ಣ ಬೇಡವೆಂದು ಅವನು ಹೇಳಿದ್ದನ್ನು ಕೇಳಿ ಹುಬ್ಬೇರಿಸಿದರು.

"ಒಂದು ಕಟ್ಟಡಕ್ಕೆ ಒಂದೇ ಅಕ್ಷರ ಅಂತ ಗಂಟೆಗಟ್ಟಲೆ ಪಾಠ ಮಾಡಿದ್ದು ನೀವೇ ಅಲ್ವೇನ್ರೀ?"

"ನಾನೇ ಸಾರ್. ಆದ್ರೆ ಈ ಬಾಗಿಲನ್ನ ನೋಡಿರ್ಲಿಲ್ಲ."

"ಸರಿ, ಇಲ್ಲಿಗೆ ಇನ್ನೆಂಥ ಅಕ್ಷರ ಬೇಕು, ಹೇಳಿ."

ಅವನು ಯೋಚಿಸಿದ. ತೆಳ್ಳಗಿನದು ಕಚೇರಿಯ ನೋಟೀಸಿನಂತೆ. ಚೂಪಾದದ್ದು ಇನ್ನೂ ಕ್ರೂರ. ಅವನಿಗೆ ಗೊತ್ತಿದ್ದ ಅಕ್ಷರಗಳಲ್ಲಿ ಯಾವುದೂ ಮುಂದೆ ಬರಲಿಲ್ಲ.

"ಯಾವುದೂ ಬೇಡ ಸಾರ್," ಅಕ್ಕ ಅಂದಳು. "ಈ ರೂಮಿಗೆ ಯಾರೂ ಬೋರ್ಡ್ ಓದ್ಕೊಂಡು ಬರಲ್ಲ. ನಾವೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀವಿ."

"ಬೋರ್ಡಿಲ್ಲದ ಬಾಗಿಲು ಆಗಲ್ಲಮ್ಮ. ಒಪ್ಪಿದ್ರೆ ಎಲ್ಲ ಬಾಗಿಲಿಗೂ ಒಪ್ಪಬೇಕು. ಇಲ್ಲಾಂದ್ರೆ ಬೇರೆಯವ್ರು ಕಾಯ್ತಾ ಇದಾರೆ."

ಅವನು ಹಲಗೆಯ ಸ್ಕ್ರೂಗಳತ್ತ ಕಣ್ಣೆತ್ತಿದ.

"ಬೇರೆಯವರನ್ನೇ ನೋಡಿ ಸಾರ್. ಇದನ್ನ ನಾನು ಬಿಚ್ಕೊಂಡು ಹೋಗ್ತೀನಿ."

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದೀರಿ," ಎನ್ನುತ್ತ ಮ್ಯಾನೇಜರ್ ನಡೆದರು. ಬಿಚ್ಚಬೇಡಿ ಎಂದು ಮಾತ್ರ ಹೇಳಲಿಲ್ಲ.

ಅಕ್ಕ ಎಲ್ಲಿಂದಲೋ ಸ್ಕ್ರೂಡ್ರೈವರ್ ತಂದಳು, ಸ್ಟೂಲು ಹಿಡಿದು ನಿಂತಳು. "ಹುಚ್ಚ ಕಣೋ ನೀನು. ಮನೇಲಿ ನಿನ್ನ ಹೆಂಡ್ತಿಗೆ ನಾನೇ ಹೇಳ್ಬೇಕೇನೋ?"

"ನೀನೇ ಹೇಳು. ನಿನ್ನ ಮಾತಾದ್ರೆ ಬೈಯಲ್ಲ."

ಕೊನೆಯ ಸ್ಕ್ರೂ ಕೈಗೆ ಬಂದಾಗ ಕಾರಿಡಾರಿನ ಆ ತುದಿಯಿಂದ ಇನ್ನೊಬ್ಬ ನರ್ಸ್ ಬರುತ್ತಿದ್ದಳು, ಹೆಂಗಸೊಬ್ಬಳ ಮೊಣಕೈ ಹಿಡಿದುಕೊಂಡು. ಅವನು ಸದ್ದಿಲ್ಲದೆ ಕೆಳಗಿಳಿದ. ಅಕ್ಷರಗಳು ಕಾಣದಂತೆ ಹಲಗೆಯನ್ನು ಎದೆಗೊತ್ತಿಕೊಂಡು ಗೋಡೆಗೆ ಸರಿದು ನಿಂತ. ಅಕ್ಕ ಬಾಗಿಲು ತೆರೆದಳು.