ನಿಜವಾದ ಉದಾಹರಣೆ

"ನಿಮಗೇ ಆಗಿದ್ದನ್ನ ಹೇಳಿ. ಆಗಲೇ ಮನಸ್ಸಲ್ಲಿ ನಿಲ್ಲೋದು," ಎಂದರು ಹರಿಹರನ್ ಮೇಷ್ಟ್ರು.

ಬೋರ್ಡಿನ ಮೇಲೆ ‘ಕಮ್ ಅಪ್ ಅಗೇನ್ಸ್ಟ್’ ಎಂದಿತ್ತು. ಕಷ್ಟಕ್ಕೋ ಕಷ್ಟದ ಮನುಷ್ಯನಿಗೋ ಎದುರಾಗುವುದು ಎಂದು ಅರ್ಥ ಬಿಡಿಸಿದ್ದರು. ಊಟಿಯ ಹೋಟೆಲೊಂದು ತನ್ನ ಕೆಲಸದವರಿಗಾಗಿ ನಡೆಸುತ್ತಿದ್ದ ಸಂಜೆಯ ಇಂಗ್ಲಿಷ್ ಕ್ಲಾಸು ಅದು. ಚೆನ್ನಾಗಿ ಕಲಿತ ಒಬ್ಬರನ್ನು ರಿಸೆಪ್ಷನ್ನಿಗೆ ಹಾಕುತ್ತೇವೆ ಎಂದಿದ್ದರು. ರೂಮು ಕ್ಲೀನ್ ಮಾಡುವ ಈಶ್ವರಿಗೆ ಆ ಕೆಲಸ ಬೇಕೇ ಬೇಕಿತ್ತು. ಆಸಿಡ್ ತಗುಲಿ ಬೆರಳ ಸಂದುಗಳು ಬಿರಿದಿದ್ದವು. ಬಾತ್‌ರೂಮು ತೊಳೆಯುವುದನ್ನು ಬಿಡದೆ ವಾಸಿಯಾಗದು ಎಂದಿದ್ದರು ಡಾಕ್ಟರು.

ಡ್ರೈವರ್ ರಂಗ, ಘಾಟಿಯ ಮಂಜು ಎಂದ. ಈಶ್ವರಿಯ ಜೊತೆ ಕೆಲಸ ಮಾಡುವ ಗಾಯತ್ರಿ, ಮನೆ ಹಿಂದೆ ಬರುವ ಕರಡಿ ಎಂದಳು.

"ಕರಡೀನಾ, ಅತ್ತೇನಾ ಅಕ್ಕಾ?" ರಂಗ ಕೇಳಿದ. ಎಲ್ಲರೂ ನಕ್ಕರು.

ಈಶ್ವರಿಯೂ ಮಂಜು ಎನ್ನಬಹುದಿತ್ತು. ಆದರೆ ರಂಗನದನ್ನು ಕದ್ದಂತಾಗುತ್ತದೆ ಎನ್ನಿಸಿತು. "ಐ ಕಮ್ ಅಪ್ ಅಗೇನ್ಸ್ಟ್ ರಾಜೇಶ್‌ಕುಮಾರ್ ಸರ್ ಎವ್ರಿ ಡೇ," ಎಂದಳು. ಒಂದು ಕೂದಲು ಕಂಡರೂ ಇಡೀ ಬಾತ್‌ರೂಮನ್ನು ಮತ್ತೆ ತೊಳೆಸುವ ಮ್ಯಾನೇಜರು ಅವನು.

ಈ ಸಲ ಯಾರೂ ನಗಲಿಲ್ಲ. ಕೂನೂರಿನಿಂದ ಬರುತ್ತಿದ್ದ ಮೇಷ್ಟ್ರಿಗೆ ಮಾತ್ರ ಆ ಹೆಸರು ಯಾರದೆಂದು ಗೊತ್ತಿರಲಿಲ್ಲ. "ವೆರಿ ಗುಡ್! ಇನ್ನೊಂದ್ಸಲ ಹೇಳಮ್ಮ," ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು.

ಬಸ್ ಸ್ಟಾಪಿನಲ್ಲಿ ಗಾಯತ್ರಿ ಈಶ್ವರಿಯ ತೋಳು ಹಿಡಿದಳು. "ಅಯ್ಯೋ, ಚೆನ್ನಾಗಿ ಹೇಳಿದ್ದನ್ನ ಮೇಷ್ಟ್ರು ಹೋಟೆಲ್ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ ಕಣೇ. ಫೋನ್ ಮಾಡು ಬೇಗ."

"ಆಗಲೇ ಹಾಕಿದೆನಮ್ಮ," ಎಂದರು ಮೇಷ್ಟ್ರು ಫೋನಿನಲ್ಲಿ. "ಯಾರೋ ಲೈಕ್ ಅಂತ ಹೆಬ್ಬೆಟ್ಟು ಕೂಡ ಒತ್ತಿದ್ದಾರೆ. ಯಾಕೆ?"

"ಏನಿಲ್ಲ ಸರ್."

ಬೆಳಿಗ್ಗೆ ರಾಜೇಶ್‌ಕುಮಾರ್ ಎಲ್ಲರ ಮುಂದೆ ಅವಳನ್ನು ಕರೆದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಸೂಪರ್‌ಮಾ! ರೊಂಬ ನಲ್ಲಾ ಇಂಗ್ಲಿಷ್. ಇನ್ಮೇಲೆ ಕ್ಲಾಸ್ ಬೇಡ ನಿಂಗೆ."

"ರಿಸೆಪ್ಷನ್ನು, ಸರ್..."

"ರಂಗ ಇದಾನಲ್ಲ. ನೀನು ಲಾಂಡ್ರಿಗೆ ಹೋಗು. ನಾನು ಆ ಕಡೆ ಬರೋದೇ ಇಲ್ಲ. ದಿನಾ ನಂಗೆ ಎದುರಾಗೋ ತೊಂದ್ರೇನೇ ಇಲ್ಲ ನಿಂಗೆ, ನೋಡು."

"ಸರ್, ಅಲ್ಲಿ ಬ್ಲೀಚು... ಕೈ..."

"ಕೈಗೇನು?"

ಈಶ್ವರಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. ರಂಗ ತನ್ನ ಶೂಗಳನ್ನು ನೋಡುತ್ತಿದ್ದ.

ಲಾಂಡ್ರಿಯಲ್ಲಿ ದೊಡ್ಡ ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಒಗೆಯುವ ಬಟ್ಟೆ ತಂದ ಗಾಯತ್ರಿ ಒಂದು ತುದಿ ಹಿಡಿದವಳು, ಹೊರಗೆ ಯಾರೋ ನಡೆದ ಸದ್ದಿಗೆ ಬಿಟ್ಟಳು. "ಆಮೇಲೆ ಬರ್ತೀನಿ," ಎಂದು ಹೋದಳು. ಈಶ್ವರಿ ಬಟ್ಟೆಯ ನಡುವನ್ನು ಗದ್ದದಡಿ ಒತ್ತಿ ಹಿಡಿದು ಎರಡೂ ತೋಳು ಚಾಚಿದಳು. ಅವಳ ತೋಳು ಸಾಲಲಿಲ್ಲ. ಬಿಳಿ ಅಂಚು ಒದ್ದೆ ನೆಲಕ್ಕೆ ಇಳಿಯುತ್ತ ಹೋಯಿತು.