ಇನ್ನೂರ ಐವತ್ತು ಕಿಲೋ ಇಳಿದ ಆನೆ

"ಅಜ್ಜೀ, ಕೇಳಿದ್ಯಾ? ಅತ್ತೆ ಕೆಲ್ಸ ಬಿಟ್ಟುಬಿಟ್ಳು! ಲಾರಿ ತಗೋತಾಳಂತೆ! ಅವಳೇ ಓಡಿಸ್ತಾಳಂತೆ!"

ತಮ್ಮನ ಮಗಳು ಚಪ್ಪಲಿ ಬಿಚ್ಚುವ ಮೊದಲೇ ಬಾಯಿ ಬಿಚ್ಚಿದ್ದಳು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಜಾರಿ ಠಣ್ ಎಂದಿತು. ಸುದ್ದಿಯ ಒಡತಿ, ಅಂದರೆ ಆ ಅತ್ತೆ, ಮಾತ್ರ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತು ಕಾಲ ಮೇಲೆ ಕಾಲು ಹಾಕಿಕೊಂಡಿದ್ದಳು. ಈ ಹುಡುಗಿಯ ಹೊಟ್ಟೆಯಲ್ಲಿ ಬಸ್ ಸ್ಟಾಪಿನಲ್ಲಿ ತಾನು ಹೇಳಿದ ಮಾತು ಮನೆಯವರೆಗಾದರೂ ಉಳಿಯಿತಲ್ಲ ಎಂಬುದೇ ಅವಳಿಗೆ ಆಶ್ಚರ್ಯ.

"ನಿನಗೇನು ತಲೆ ಕೆಟ್ಟಿದ್ಯಾ?" ಅಮ್ಮ ಸೌಟು ಹಿಡಿದುಕೊಂಡೇ ಹೊರಬಂದಳು. "ಈ ವಯಸ್ಸಲ್ಲಿ ಲಾರಿ?"

"ನಲವತ್ಮೂರಮ್ಮ. ನನ್ನ ದುಡ್ಡಿಗೆ ಸಿಗೋ ಲಾರಿಗೆ ಹದಿನೇಳು. ಇಬ್ಬರೂ ಸೇರಿ ಅರವತ್ತು. ನಿನಗಿಂತ ಚಿಕ್ಕವರೇ."

ಅವಳನ್ನು ಎಲ್ಲರೂ ಕರೆಯುವುದು ತೂಕದಕ್ಕ ಎಂದು. ಹನ್ನೊಂದು ವರ್ಷ ಲಾರಿಗಳ ತೂಕ ನೋಡುವ ಕಟ್ಟೆಯ ಪಕ್ಕ, ಒಂದು ಕಿಟಕಿ, ಒಂದು ಫ್ಯಾನು, ಕೆಂಪು ಅಂಕಿ ಉರಿಯುವ ಒಂದು ಪೆಟ್ಟಿಗೆ ಇದ್ದ ಕೋಣೆಯಲ್ಲಿ ಕೂತವಳು. ಲಾರಿ ಖಾಲಿ ಬರುತ್ತದೆ, ತೂಗುತ್ತಾಳೆ. ತುಂಬಿಕೊಂಡು ಬರುತ್ತದೆ, ತೂಗುತ್ತಾಳೆ. ಚೀಟಿ ಹರಿದು ಕೊಡುತ್ತಾಳೆ. ಹೊರಗಿನವರಿಗೆ ಅಷ್ಟೇ ಕಾಣುತ್ತಿದ್ದದ್ದು. ಆದರೆ ದಿನವೂ ಬರುವ ಎಪ್ಪತ್ತು ಎಂಬತ್ತು ಗಾಡಿಗಳಿಗೆ ಅವಳು ಮನಸ್ಸಿನಲ್ಲೇ ಹೆಸರಿಟ್ಟು, ಶಾಲೆಯ ಟೀಚರಿನ ಹಾಗೆ ಹಾಜರಿ ಹಾಕುತ್ತಿದ್ದಳು. ಯಾವುದು ಸೋಮವಾರ ಚಕ್ಕರ್, ಯಾವುದು ತಿಂಗಳಿಗೆರಡು ಸಲ ಹೊಟ್ಟೆನೋವು, ಯಾವುದು ಮಳೆ ಬರಲಿ ಬಿಸಿಲು ಬರಲಿ ಏಳೂಕಾಲಿಗೆ ಗೇಟಿನಲ್ಲಿ ಹಾಜರ್. ಆ ಕೊನೆಯ ಸಾಲಿನಲ್ಲಿ ಒಂದು ನೀಲಿ ಲಾರಿ ಇತ್ತು. ಅದಕ್ಕೆ ಅವಳಿಟ್ಟ ಹೆಸರು ಮೇಷ್ಟ್ರು. ಒಂಬತ್ತು ವರ್ಷದಲ್ಲಿ ಅದು ತಪ್ಪಿಸಿದ್ದು ನಾಲ್ಕೇ ದಿನ, ಅದರಲ್ಲಿ ಎರಡು ದಿನ ಡ್ರೈವರನಿಗೆ ಜ್ವರ.

ಎರಡು ವರ್ಷದಿಂದ ಭಾನುವಾರ ಭಾನುವಾರ ಹೋಗಿ ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ಈಗ ಹಂಚಿನ ಕಾರ್ಖಾನೆಯ ಮ್ಯಾನೇಜರು ಒಂದು ಮಾತು ಕೊಟ್ಟಿದ್ದರು: ಈ ತಿಂಗಳ ಕೊನೆಯೊಳಗೆ ಗಾಡಿ ತಂದು ತೋರಿಸಿದರೆ ಕಾರ್ಖಾನೆಯಿಂದ ಗೋದಾಮಿಗೆ ದಿನಕ್ಕೆರಡು ಟ್ರಿಪ್ಪು ಅವಳದ್ದೇ. ಷರತ್ತು ಒಂದೇ, ಗಾಡಿ ದಿನ ತಪ್ಪಿಸಬಾರದು. ಅತ್ತ ತೂಕದ ಕೋಣೆಯ ಕುರ್ಚಿಗೆ ಬೇರೆಯವರು ಬಂದಾಗಿತ್ತು. ಕೂಡಿಟ್ಟ ಗಂಟು ಒಂದೇ, ಅದರಲ್ಲಿ ಬರುವ ಲಾರಿಯೂ ಒಂದೇ. ತಪ್ಪು ಎಂಜಿನ್ ತಂದರೆ ಇತ್ತ ಟ್ರಿಪ್ಪೂ ಇಲ್ಲ, ಅತ್ತ ಕುರ್ಚಿಯೂ ಇಲ್ಲ.

"ಯಾವ ಎಂಜಿನ್ನು?" ಒಳಗಿಂದ ತಮ್ಮನ ದನಿ ಬಂತು. ಲಾರಿಯ ಹೆಸರೆತ್ತಿದರೆ ಅವನಿಗೆ ಗಾಢ ನಿದ್ದೆಯಲ್ಲೂ ಕಿವಿ ನೆಟ್ಟಗಾಗುತ್ತದೆ. ಅವನು ಮೆಕ್ಯಾನಿಕ್. ರಿಪೇರಿ ಮಾಡುವುದು ಸಣ್ಣ ವ್ಯಾನುಗಳನ್ನು, ಅಭಿಪ್ರಾಯ ಕೊಡುವುದು ಮಾತ್ರ ಹದಿನಾರು ಚಕ್ರದ ಗಾಡಿಗಳ ಮೇಲೆ.

"ಹನ್ನೊಂದು ಲೀಟರಿಂದು ಹುಡುಕ್ತಿದೀನಿ," ಎಂದಳು ಅಕ್ಕ.

"ಥೂ! ಹನ್ನೊಂದಾ? ಅದೇನು ಲಾರಿನಾ, ಹೊಲಿಗೆ ಮಷಿನ್ನಾ? ತಗೊಂಡ್ರೆ ಹದಿಮೂರು ಲೀಟರಿಂದು ತಗೋ. ಕಾಲಿಟ್ರೆ ಸಾಕು, ಗುಡ್ಡ ಕಿತ್ತುಕೊಂಡು ಬರುತ್ತೆ."

"ನನ್ನ ದಾರೀಲಿ ಗುಡ್ಡ ಎಲ್ಲಿದೆಯೋ? ಮೂವತ್ತೆಂಟು ಕಿಲೋಮೀಟರು, ಅಂಗೈ ಹಂಗೆ ಸಪಾಟು. ಇರೋದು ಒಂದು ಸೇತುವೆ ಏರು. ಅಷ್ಟಕ್ಕೆ ಹದಿಮೂರು ಯಾಕೆ? ಹನ್ನೊಂದು ವರ್ಷ ನೋಡಿದೀನಿ. ಆ ದೊಡ್ಡ ಎಂಜಿನ್ನಿನವರೇ ಜಾಸ್ತಿ ಚಕ್ಕರ್. ಇವತ್ತು ಬಿಸಿ ಏರಿತು, ನಾಳೆ ಹೆಡ್ ಬಿರುಕು ಬಿಡ್ತು..."

"ನೀನು ಕಿಟಕೀಲಿ ಕೂತು ನೋಡಿದ್ದು. ನಾನು ಬಾನೆಟ್ ಎತ್ತಿ ನೋಡೋನು."

"ವ್ಯಾನಿನ ಬಾನೆಟ್ಟು," ಎಂದಳು ಅಕ್ಕ.

ಹುಡುಗಿ ಕಿಸಕ್ಕೆಂದಳು. ತಮ್ಮ ಮಗಳನ್ನು ದುರುಗುಟ್ಟಿ ನೋಡಿ ಎದೆ ಸೆಟೆಸಿದ. "ಸಣ್ಣ ಎಂಜಿನ್ ತಂದ್ರೆ ನಾನು ಸ್ಪ್ಯಾನರ್ ಮುಟ್ಟಲ್ಲ. ಆಮೇಲೆ ದಾರೀಲಿ ನಿಂತ್ಕೊಂಡು ಫೋನ್ ಮಾಡ್ಬೇಡ."

ಮಾತು ತಮಾಷೆಯದ್ದಾದರೂ ಅಕ್ಕನಿಗೆ ಒಳಗೆ ಚುರುಕ್ಕೆಂದಿತು. ಹದಿನೇಳು ವರ್ಷದ ಗಾಡಿ ಸಾಕುವುದೆಂದರೆ ಮನೆಯಲ್ಲೊಬ್ಬ ಮೆಕ್ಯಾನಿಕ್ ಬೇಕೇಬೇಕು. ಇವನು ಮುನಿಸಿಕೊಂಡರೆ ಅರ್ಧ ಲಾರಿ ಕೊಂಡ ಹಾಗೆ.

ಅದಕ್ಕೇ ಮರುದಿನ ಮಧ್ಯಾಹ್ನ ಅವನು ಹೇಳಿದ ಕಡೆಗೇ ಹೋದರು. ಹಳೆ ಲಾರಿ ಮಾರುವ ಅಂಗಳ. ತಗಡಿನ ಬೇಲಿ, ನೆಲವೆಲ್ಲ ಎಣ್ಣೆ ಕುಡಿದು ಕಪ್ಪು, ಮೂಲೆಯಲ್ಲಿ ಟೈರುಗಳ ಗುಡ್ಡೆ. ಅಂಗಳದ ಯಜಮಾನನಿಗೆ ಊರವರಿಟ್ಟ ಹೆಸರು ಗ್ಯಾರಂಟಿ, ಏಕೆಂದರೆ ಆ ಪದವಿಲ್ಲದೆ ಅವನ ಮಾತು ಮುಗಿಯುತ್ತಿರಲಿಲ್ಲ.

"ಬನ್ನಿ ಅಕ್ಕಾ, ಬನ್ನಿ. ನಿಮಗೋಸ್ಕರಾನೇ ಇಟ್ಟಿದೀನಿ. ಹದಿಮೂರು ಲೀಟರ್, ಗ್ಯಾರಂಟಿ."

ಅಕ್ಕ ಗಾಡಿ ನೋಡಿದವಳೇ ನಕ್ಕುಬಿಟ್ಟಳು. ಬಣ್ಣ ಹಸಿರಾಗಿತ್ತು, ಮುಖಕ್ಕೆ ಹೊಸ ದೀಪ ಬಂದಿತ್ತು, ಆದರೆ ಹಿಂದಿನ ಬಲಗಡೆಯ ಮಡ್‌ಗಾರ್ಡಿನ ತಗ್ಗು ಹಾಗೇ ಇತ್ತು. ಇದು ಆನೆ! ಐದು ವರ್ಷ ಜಲ್ಲಿ ಹೊತ್ತುಕೊಂಡು ಅವಳ ಕಟ್ಟೆಗೆ ಬಂದ ಗಾಡಿ. ಮೈಕಟ್ಟು ಗಟ್ಟಿ, ಆಕ್ಸಲ್ ಗಟ್ಟಿ, ಎಂಜಿನ್ ಮಾತ್ರ ಮಹಾ ಸೋಮಾರಿ. ಅವಳ ಹಾಜರಿಯಲ್ಲಿ ಅತಿ ಹೆಚ್ಚು ಚಕ್ಕರ್ ಇದರದ್ದೇ. ಎಂಟು ತಿಂಗಳ ಹಿಂದೆ ಬರುವುದೇ ನಿಂತಿತ್ತು.

ಹೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗ್ಯಾರಂಟಿ ಕೀ ತಿರುಗಿಸಿದ, ಎಂಜಿನ್ ಒಂದೇ ಏಟಿಗೆ ಹತ್ತಿತು. ಅವಳು ಬಾಯಿ ಮುಚ್ಚಿ ಬಾನೆಟ್ಟಿನ ಹತ್ತಿರ ಕೈಯಿಟ್ಟಳು. ಆಗಲೇ ಬೆಚ್ಚಗಿತ್ತು. ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದಾನೆ ಭೂಪ. ಬಿಸಿ ಎಂಜಿನ್ ಯಾರು ತಿರುಗಿಸಿದರೂ ಹತ್ತುತ್ತದೆ.

ತಮ್ಮ ಮಾತ್ರ ಆಗಲೇ ಸ್ವರ್ಗದಲ್ಲಿದ್ದ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ತಲೆದೂಗಿದ. "ಕೇಳೇ ಅಕ್ಕಾ! ಇದು ದನಿ ಅಂದ್ರೆ! ಒಂದು ತಾಳ ತಪ್ಪಲ್ಲ. ಇದನ್ನು ಬಿಟ್ಟು ಹನ್ನೊಂದು ತಗೋತಾಳಂತೆ."

ಅವನ ತಾಳ ಅವನಿಗಿರಲಿ, ಅಕ್ಕನಿಗೆ ಆನೆಯ ಕೆಮ್ಮು ಗೊತ್ತಿತ್ತು. ಗೇಟಿಗೆ ಬರುವ ಮೊದಲೇ ತಿರುವಿನಲ್ಲಿ ಕೇಳುತ್ತಿತ್ತು. ಈಗ ಅದಿಲ್ಲ. ರಿಪೇರಿ ಆಗಿರಬಹುದು. ಅಥವಾ...

"ಸ್ವಲ್ಪ ಓಡಿಸಿ ನೋಡ್ತೀನಿ," ಎಂದಳು.

ಮೂವರೂ ಹತ್ತಿದರು. ಅಕ್ಕ ಸ್ಟೀರಿಂಗ್ ಹಿಡಿದಳು, ಗ್ಯಾರಂಟಿ ನಡುವೆ ಇಕ್ಕಟ್ಟಾದ, ತಮ್ಮ ಕಿಟಕಿಯ ಪಕ್ಕ ಹಾಡುವುದೊಂದು ಬಾಕಿ. "ನೋಡು ಎಳೆತ! ಗೇರು ಎಷ್ಟು ಮೆತ್ತಗೆ ಬೀಳ್ತಿದೆ ನೋಡು! ಬಿಸಿ ಮುಳ್ಳು ನೋಡೇ, ಅರ್ಧಕ್ಕಿಂತ ಮೇಲೇಳ್ತಿಲ್ಲ! ಇದು ಜನ್ಮದಲ್ಲಿ ನಿಲ್ಲೋ ಎಂಜಿನ್ನಲ್ಲ, ಬರೆದಿಟ್ಕೋ."

"ಬರ್ಕೊಂಡೆ," ಎಂದಳು ಅಕ್ಕ.

"ಅಕ್ಕಾ, ವಾಪಸ್ ತಿರುಗಿಸೋದು ಇಲ್ಲೇ," ಎಂದ ಗ್ಯಾರಂಟಿ.

ಅಕ್ಕ ತಿರುಗಿಸಲಿಲ್ಲ. ನೆಟ್ಟಗೆ ಹೋಗಿ, ಎಡಕ್ಕೆ ಹೊರಳಿ, ಗೇಟು ದಾಟಿ, ಕಣ್ಣು ಮುಚ್ಚಿದರೂ ಗೊತ್ತಾಗುವ ಆ ಕಟ್ಟೆಯ ಮೇಲೆ ಆನೆಯನ್ನು ತಂದು ನಿಲ್ಲಿಸಿದಳು.

"ಇಳೀರಿ. ಇಲ್ಲಿ ಜನ ಕೂತ್ಕೊಂಡು ತೂಗಲ್ಲ."

ಕಿಟಕಿಯಲ್ಲಿ ಕೂತಿದ್ದ ಹೊಸ ಗುಮಾಸ್ತೆ ಅಕ್ಕನನ್ನು ಕಂಡು ಕೈಬೀಸಿದಳು. ಕೆಂಪು ಅಂಕಿಗಳು ಕುಣಿದು ಕುಣಿದು ನಿಂತವು: ಎಂಟು ಸಾವಿರದ ಏಳುನೂರ ಅರವತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅಂಕಿಯನ್ನೇ ನೋಡಿದಳು. ಆನೆಯ ಖಾಲಿ ತೂಕ ಒಂಬತ್ತು ಸಾವಿರದ ನೂರ ಎಂಬತ್ತು. ಐದು ವರ್ಷ ಅದೇ ಅಂಕಿಯನ್ನು ಚೀಟಿಯಲ್ಲಿ ಬರೆದಿದ್ದಾಳೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ.

"ನಾನೂರ ಇಪ್ಪತ್ತು ಕಿಲೋ ಕಡಿಮೆ," ಎಂದಳು.

"ಏನು, ಗಾಡಿ ಡಯಟ್ ಮಾಡಿದ್ಯಾ?" ತಮ್ಮ ನಕ್ಕ.

"ಡೀಸೆಲ್ ಟ್ಯಾಂಕ್ ನೋಡು. ಈ ಗಾಡಿ ಪಕ್ಕದ ಬಂಕಲ್ಲಿ ಟ್ಯಾಂಕ್ ತುಂಬಿಸ್ಕೊಂಡೇ ಇಲ್ಲಿಗೆ ಬರ್ತಿದ್ದಿದ್ದು."

ತಮ್ಮ ಕೋಲು ಇಳಿಬಿಟ್ಟು ನೋಡಿದ. ಅರ್ಧ ಖಾಲಿ. ಇನ್ನೂರು ಲೀಟರು ಕಡಿಮೆ.

"ಅಂದ್ರೆ ನೂರ ಎಪ್ಪತ್ತು ಕಿಲೋ. ಸ್ಟೆಪ್ನಿ ಇದೆ. ಜ್ಯಾಕ್ ಇದೆ. ಹಿಂದಿನ ಬಾಡಿ ಅದೇ, ಸರಪಳಿ ಕೂಡ ಅದೇ." ಅವಳು ಒಂದು ಸುತ್ತು ಹಾಕಿ ಬಂದು ಗ್ಯಾರಂಟಿಯ ಎದುರು ನಿಂತಳು. "ಇನ್ನುಳಿದ ಇನ್ನೂರ ಐವತ್ತು ಕಿಲೋ ಎಲ್ಲಿ ಹೋಯ್ತಣ್ಣ?"

ಗ್ಯಾರಂಟಿ ಆಕಾಶ ನೋಡಿದ, ಟೈರು ನೋಡಿದ. "ತುಕ್ಕು ಉದುರಿರಬೇಕು ಅಕ್ಕಾ."

"ಇನ್ನೂರ ಐವತ್ತು ಕಿಲೋ ತುಕ್ಕು ಉದುರಿದ್ರೆ ಇಲ್ಲಿ ನಿಂತಿರೋದು ಲಾರಿಯಲ್ಲ, ಅದರ ನೆನಪು. ಹದಿಮೂರು ಲೀಟರಿಗೂ ಹನ್ನೊಂದು ಲೀಟರಿಗೂ ಎಷ್ಟು ತೂಕದ ವ್ಯತ್ಯಾಸ ಅಂತ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ತಮ್ಮನ ಮುಖದ ನಗು ಮೆಲ್ಲಗೆ ಇಳಿಯಿತು. ಅವನು ಕ್ಯಾಬಿನ್ನಿನ ಕೆಳಗೆ ನುಗ್ಗಿದ. ಎಂಜಿನ್ನಿನ ಪಕ್ಕದಲ್ಲಿ ನಂಬರ್ ಹೊಡೆದ ಜಾಗಕ್ಕೆ ಬೆರಳಷ್ಟು ದಪ್ಪ ಗ್ರೀಸು ಮೆತ್ತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು, ಅಂಗಿಯ ತೋಳಿನಿಂದ ಒರೆಸಿದ. ಇನ್ನೊಮ್ಮೆ ಒರೆಸಿ ಮತ್ತೆ ಓದಿದ.

"ಏನೋ?" ಎಂದಳು ಅಕ್ಕ.

ಕೆಳಗಿನಿಂದ ಸಣ್ಣ ದನಿ ಬಂತು. "ಹನ್ನೊಂದು."

"ಕೇಳಿಸಲಿಲ್ಲ."

"ಹನ್ನೊಂದು ಕಣೇ! ಹನ್ನೊಂದು ಲೀಟರು! ಮೇಲಿನ ಬಿಲ್ಲೆ ಮಾತ್ರ ಹದಿಮೂರಿಂದು ಅಂಟಿಸಿದಾನೆ."

"ಜನ್ಮದಲ್ಲಿ ನಿಲ್ಲೋ ಎಂಜಿನ್ನಲ್ಲ ಅಂದ್ಯಲ್ಲ? ಬರ್ಕೊಂಡಿದೀನಿ."

ತಮ್ಮ ಹೊರಬಂದಾಗ ಮೂಗಿನ ತುದಿಗೂ ಗ್ರೀಸು ಮೆತ್ತಿತ್ತು. ಕಿಟಕಿಯಲ್ಲಿ ಗುಮಾಸ್ತೆ ಚೀಟಿ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದಳು. ಅವನು ಗ್ಯಾರಂಟಿಯ ಮೇಲೆ ಹರಿಹಾಯ್ದ. "ನಮ್ಮಕ್ಕಂಗೆ ಟೋಪಿ ಹಾಕೋಕೆ ನೋಡ್ತೀಯೇನಯ್ಯಾ?"

"ಟೋಪಿ ಹಾಕಿದ್ದು ಹೌದು ಸ್ವಾಮಿ, ಆದ್ರೆ ನಾನೇನು ಮಾಡ್ಲಿ?" ಗ್ಯಾರಂಟಿ ಎರಡೂ ಕೈ ಮೇಲೆತ್ತಿದ. "ಹಳೆ ಎಂಜಿನ್ ಹೆಡ್ ಬಿರುಕು ಬಿಟ್ಟು ಗುಜರಿಗೆ ಹೋಯ್ತು. ಇದು ಚಿನ್ನದಂಥ ಎಂಜಿನ್ನು. ಆದ್ರೆ ಹನ್ನೊಂದು ಅಂದ್ರೆ ಬಂದ ಗಿರಾಕಿ ಹಾರ್ನ್ ಕೂಡ ಹೊಡೆದು ನೋಡಲ್ಲ. ಎಲ್ಲರಿಗೂ ನಿಮ್ಮ ಹಾಗೇ ಗುಡ್ಡ ಕೀಳಬೇಕು. ಹನ್ನೊಂದೇ ಬೇಕು ಅಂತ ಬರೋರು ಇದಾರೆ ಅಂತ ನನಗೆ ಕನಸು ಬಿದ್ದಿತ್ತಾ?"

ಅಕ್ಕ ನಕ್ಕಳು. ಸಿಟ್ಟು ಮಾಡಿಕೊಳ್ಳಬೇಕೆಂದು ಗೊತ್ತಿತ್ತು, ನಗುವೇ ಮುಂದೆ ಬಂತು. ಎರಡು ತಿಂಗಳು ಬೀದಿ ಬೀದಿ ಅಲೆದು ಹುಡುಕಿದ ಎಂಜಿನ್ನು ಬೇರೆ ಹೆಸರಿನ ಬಿಲ್ಲೆ ಕಟ್ಟಿಕೊಂಡು ಇಲ್ಲೇ ಕೂತಿತ್ತು. ಆದರೂ ನಗುವಿನ ಹಿಂದೆಯೇ ಅನುಮಾನವೂ ಬಂತು. ಒಂದು ಸುಳ್ಳು ಹೇಳಿದವನು ಒಂದಕ್ಕೇ ನಿಲ್ಲಿಸಿರುತ್ತಾನೆಯೇ?

"ಯಾವ ಗಾಡಿಯಿಂದ ಇಳಿಸಿದ್ದು?"

"ಒಂದು ನೀಲಿ ಗಾಡಿ ಅಕ್ಕಾ. ಹೋದ ವರ್ಷ ಹಳ್ಳಕ್ಕೆ ಬಿದ್ದು ಕ್ಯಾಬಿನ್ ಅಪ್ಪಚ್ಚಿ. ಡ್ರೈವರಿಗೆ ಏನೂ ಆಗ್ಲಿಲ್ಲ, ಎಂಜಿನ್ನಿಗೂ ಏನೂ ಆಗ್ಲಿಲ್ಲ. ಮರಳು ಹೊಡೀತಿತ್ತು. ನಿಮ್ಮ ಕಟ್ಟೆಗೂ ಬರ್ತಿತ್ತೇನೋ."

ಅಕ್ಕನಿಗೆ ತಟ್ಟನೆ ಹೊಳೆಯಿತು. ಮೇಷ್ಟ್ರು! ಹೋದ ವರ್ಷ ಅದು ಬರುವುದು ನಿಂತಾಗ ಮೂರು ದಿನ ಏಳೂಕಾಲಿಗೆ ತಾನಾಗಿಯೇ ಗೇಟಿನ ಕಡೆ ನೋಡಿದ್ದಳು. ಆದರೆ ಮುಖದಲ್ಲಿ ಏನೂ ತೋರಿಸಲಿಲ್ಲ. ಊರಲ್ಲಿ ನೀಲಿ ಲಾರಿ ಒಂದೇ ಇಲ್ಲ, ಮತ್ತು ಹೇಳುತ್ತಿರುವವನು ಗ್ಯಾರಂಟಿ.

"ಆ ಗಾಡಿ ಕಾಗದ ನಿಮ್ಮ ಹತ್ರ ಇದ್ಯಾ?"

"ಇದೆ, ಗ್ಯಾರಂಟಿ."

"ಆ ಪದ ಬಿಟ್ಟು ಹೇಳಿ."

ಗ್ಯಾರಂಟಿ ತಡವರಿಸಿದ. ಆ ಪದವಿಲ್ಲದೆ ನಾಲಿಗೆಗೆ ದಾರಿ ಸಿಗಲಿಲ್ಲ. ಕೊನೆಗೆ, "ಇದೆ," ಎಂದ.

"ಹಂಗಾದ್ರೆ ಕೇಳಿ. ನಾಳೆ ಆ ಕಾಗದ ತನ್ನಿ. ಗಾಡಿ ನಂಬರೂ ಎಂಜಿನ್ ನಂಬರೂ ನಾನೇ ಓದ್ತೀನಿ. ಈಗ ಈ ಎಂಜಿನ್ನು ಕಾಗದದಲ್ಲಿ ಯಾರದ್ದೂ ಅಲ್ಲ. ಈ ಗಾಡಿ ಪುಸ್ತಕಕ್ಕೆ ಅದನ್ನು ಸೇರಿಸೋದು ನಿಮ್ಮ ಕೆಲಸ, ನನ್ನದಲ್ಲ. ಹನ್ನೊಂದು ಲೀಟರಿಗೆ ಹನ್ನೊಂದರ ಬೆಲೆ."

"ಬೆಲೆ ಮಾತಾಡೋಣ ಅಕ್ಕಾ, ಮನೆಯವರ ಥರ..."

"ಇನ್ನೂ ಮುಗೀಲಿಲ್ಲ. ಇವತ್ತು ನೀವು ಬಿಸಿ ಎಂಜಿನ್ ತೋರಿಸಿದ್ರಿ. ನಾನು ನೋಡಬೇಕಾಗಿರೋದು ತಣ್ಣಗಿರೋದನ್ನ. ರಾತ್ರಿಯೆಲ್ಲಾ ನಿಂತು ಬೆಳಿಗ್ಗೆ ಹೆಂಗೆ ಏಳುತ್ತೆ, ಎದ್ದಾಗ ಎಷ್ಟು ಹೊಗೆ, ಯಾವ ಬಣ್ಣದ ಹೊಗೆ, ಅದು. ಆಮೇಲೆ ಹಂಚು ತುಂಬಿ ಸೇತುವೆ ಏರು ಹತ್ತಿಸ್ತೀನಿ. ಖಾಲಿ ಗಾಡಿ ನಮ್ಮಮ್ಮನೂ ಓಡಿಸ್ತಾಳೆ."

ತಮ್ಮ ಇಷ್ಟು ಹೊತ್ತು ಚಕ್ರದ ನಟ್ಟುಗಳನ್ನು ಎಣಿಸುವ ಹಾಗೆ ನಿಂತಿದ್ದ. ಈಗ ಗಂಟಲು ಸರಿಮಾಡಿಕೊಂಡ. "ಎಣ್ಣೆ ಮುಚ್ಚಳ ತೆಗೆದು ಒಳಗಿಂದ ಗಾಳಿ ಎಷ್ಟು ತಳ್ಳುತ್ತೆ ಅಂತಾನೂ ನೋಡ್ಬೇಕು. ರೇಡಿಯೇಟರ್ ನೀರಲ್ಲಿ ಎಣ್ಣೆ ತೇಲುತ್ತಾ ಅಂತ. ಅದನ್ನ... ಅದನ್ನ ನಾನು ನೋಡ್ತೀನಿ."

"ಸಣ್ಣ ಎಂಜಿನ್ನಿಗೆ ಸ್ಪ್ಯಾನರ್ ಮುಟ್ಟಲ್ಲ ಅಂದೋರು ಯಾರೋ ಇದ್ರಪ್ಪಾ."

"ಹೊಲಿಗೆ ಮಷಿನ್ನಿಗೂ ಎಣ್ಣೆ ಬಿಡೋರು ಬೇಕಲ್ಲ," ಎಂದು ತಮ್ಮ ಮೂಗೊರೆಸಿಕೊಂಡ. ಗ್ರೀಸು ಕೆನ್ನೆಗೂ ಹತ್ತಿತು.

ಅಕ್ಕ ಆನೆಯನ್ನು ಕಟ್ಟೆಯಿಂದ ಇಳಿಸಿ ಅಲ್ಲೇ ತೂಕದ ಕೋಣೆಯ ಗೋಡೆಯ ಪಕ್ಕ ನಿಲ್ಲಿಸಿದಳು, ಮೇಷ್ಟ್ರು ಚೀಟಿಗಾಗಿ ಕಾಯುತ್ತಿದ್ದ ಜಾಗದಲ್ಲೇ. ಎಂಜಿನ್ ಆರಿಸಿದಳು. ಕೀಯನ್ನು ಕಿತ್ತು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

"ಅಕ್ಕಾ, ಕೀ?" ಎಂದ ಗ್ಯಾರಂಟಿ.

"ನನ್ನ ಹತ್ರಾನೇ ಇರ್ಲಿ. ಗಾಡಿ ಇಲ್ಲೇ ಮಲಗ್ಲಿ, ಗೇಟಲ್ಲಿ ಕಾವಲಿದೆ. ಅದಕ್ಕೆ ಚೀಟಿ ಬರ್ಕೊಡ್ತೀನಿ ಬೇಕಾದ್ರೆ."

"ಹಂಗಾದ್ರೆ ಬೆಳಿಗ್ಗೆ ಎಷ್ಟೊತ್ತಿಗೆ? ಒಂಬತ್ತಕ್ಕೆ?"

"ಬಿಸಿಲು ಬಿದ್ದಮೇಲೆ ಬಂದು ಏನು ಮಾಡ್ತೀರಿ? ಆರು ಗಂಟೆಗೆ, ಇಲ್ಲೇ. ಕಾಗದದ ಸಮೇತ."

"ಆರಕ್ಕೆ ಬರ್ತೀನಿ ಅಕ್ಕಾ, ಗ್ಯಾ..." ಎಂದವನು ನಾಲಿಗೆ ಕಚ್ಚಿಕೊಂಡ. "ಬರ್ತೀನಿ."