ಜಾಲಿಕಟ್ಟೆಯ ಗೋಡು

ಬಿಟ್ಟಿ ಮಣ್ಣು ಸಿಕ್ಕರೆ ನಮ್ಮೂರಿನವರಿಗೆ ತಲೆ ನಿಲ್ಲುವುದಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆ ಮಣ್ಣನ್ನು ಅವರ ಹೊಲಗಳಿಂದ ವಾಪಸ್ ತರಿಸಿದವಳು ನಾನೇ.

ಹಂಗಳದಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಜಾಲಿಕಟ್ಟೆ ಇದೆ. ಬೇಸಿಗೆಯಲ್ಲಿ ಆನೆ, ಕಾಟಿ, ಜಿಂಕೆ ಎಲ್ಲಕ್ಕೂ ಅದೇ ನೀರು. ಅಲ್ಲಿ ನೀರಿದ್ದರೆ ಕುಡಿದು ಹಿಂದಕ್ಕೆ ಹೋಗುತ್ತವೆ, ಇಲ್ಲದಿದ್ದರೆ ನಮ್ಮ ಹಿತ್ತಿಲ ತೊಟ್ಟಿಗೇ ಸೊಂಡಿಲು ಹಾಕುತ್ತವೆ. ಕಟ್ಟೆಯಲ್ಲಿ ಹೂಳು ತುಂಬಿತ್ತು. ಅದನ್ನು ತೆಗೆಯಲೆಂದೇ ಊರವರು ಸೇರಿ ಕಾಡಂಚು ಬಳಗ ಕಟ್ಟಿಕೊಂಡೆವು. ನಾನು ಕಾರ್ಯದರ್ಶಿ. ಮೈಸೂರಿನ ಒಂದು ಸಂಸ್ಥೆ ಜೆಸಿಬಿ ಕೊಡಿಸಿತು. ಅಲ್ಲಿಂದ ಬಂದ ಸ್ಪಂದನಾ ಎಂಬ ಹುಡುಗಿ, ತಳದ ಗಟ್ಟಿ ಜೇಡಿ ಕಂಡ ಕೂಡಲೇ ನಿಲ್ಲಿಸಬೇಕು, ನೀರು ಹಿಡಿದು ನಿಲ್ಲಿಸುವುದೇ ಅದು ಎಂದು ಎಲ್ಲರಿಗೂ ಸಾರಿ ಸಾರಿ ಹೇಳಿ ಹೋದಳು.

ಯಾರು ನಿಲ್ಲಿಸುತ್ತಾರೆ? ಕಟ್ಟೆಯ ಹೂಳಿಗೆ ನಾವು ಗೋಡು ಅನ್ನುತ್ತೇವೆ. ಅರಿಸಿನಕ್ಕೆ ಗೋಡು ಹಾಕಿದರೆ ಗೆಡ್ಡೆ ಮೊಳಕೈ ದಪ್ಪ ಬರುತ್ತದೆ ಎಂದು ಎಲ್ಲರ ನಂಬಿಕೆ. ನಾನು ಸಭೆಗೆಂದು ಚಾಮರಾಜನಗರಕ್ಕೆ ಹೋಗಿದ್ದ ದಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವಂತೆ. 'ಇನ್ನೊಂದ್ ಬಕೆಟ್ ತಗೀಲಾ, ಇನ್ನೊಂದ್ ಬಕೆಟ್!' ಎಂದು ಜೆಸಿಬಿಯವನಿಗೆ ಕೂಗಿದ್ದೇ ಕೂಗಿದ್ದು. ಗೋಡು ಮುಗಿಯಿತು. ಜೇಡಿಯನ್ನೂ ಬಿಡಲಿಲ್ಲ. ನಾನು ಬಂದು ನೋಡಿದಾಗ ಕಟ್ಟೆಯ ತಳದಲ್ಲಿ ನೀರು ಇಂಗಿಹೋಗುವ ಬರೀ ಗರಸು ಕಾಣುತ್ತಿತ್ತು. ಆಮೇಲೆ ಸುರಿದ ಮೊದಲ ಮಳೆಗೆ ಸಂಜೆ ತುಂಬಿದ ಕಟ್ಟೆ, ಮಾರನೆಯ ದಿನ ಮಧ್ಯಾಹ್ನಕ್ಕೆ ಖಾಲಿ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಪಂಚಾಯ್ತಿ ಮೆಂಬರು ದಿಲೀಪ ಇದನ್ನೇ ಕಾಯುತ್ತಿದ್ದ. ಅರಳಿಕಟ್ಟೆಯ ಹತ್ತಿರ ಸಭೆ ಸೇರಿಸಿದ.

"ಊವಿನ್ ಕಾಲ ಬಂತು. ಹೊಲದ್ ಊವ ನೋಡಕ್ಕ ಬರ ಕೇರಳದ್ ಕಾರುಗಳ ನಿಲ್ಸಕ್ಕ ಜಾಗಿಲ್ಲ. ಆ ಗುಂಡೀನ ಮುಚ್ಚಿ ಪಾರ್ಕಿಂಗ್ ಮಾಡ್ಬುಡನ," ಎಂದ.

"ಆನೆ ಎಲ್ಲಿ ಕುಡೀಬೇಕಪ್ಪಾ? ನಿಮ್ಮನೆ ಸಿಂಟೆಕ್ಸ್‌ನಾಗಾ?" ಎಂದೆ.

"ನೀರೇ ನಿಲ್ದಿರ ಕಟ್ಟೆ ಇದ್ರೆಷ್ಟು ಬುಟ್ರೆಷ್ಟು ಶಶಿಯಕ್ಕ? ಮುಂದಿನ್ ಮಳೆಗೂ ನಿಲ್ಲಿಲ್ಲ ಅಂದ್ರ ಮುಚ್ಚದೇಯ."

ಎಲ್ಲರೂ ತಲೆಯಾಡಿಸಿದರು. ಹೂಳೆತ್ತಿಸಲು ಹೊರಟ ನನ್ನ ಕಾಲದಲ್ಲೇ ಕಟ್ಟೆ ಮಣ್ಣುಪಾಲಾಗುವುದೇ? ಎದ್ದು ನಿಂತೆ.

"ನಿಲ್ತದ. ನಾನು ನಿಲ್ಲಿಸ್ತೀನಿ. ಜೇಡಿ ಹೊಡ್ಕೊಂಡೋದೋರೆಲ್ಲ ವಾಪಸ್ ತಂದ್ ಸುರೀರಿ. ನೀರ್ ಕಟ್ಟಿ, ಕಣ ತುಳಿಸ್ದಂಗ ದನ ಹೂಡಿ ತುಳ್ಸನ."

ನಗು ಎದ್ದಿತು ನೋಡಿ! ಹಿರಿಯರಾದ ಕರಿಬಸವಯ್ಯನವರು ಮಾತ್ರ ನಗದೆ ನನ್ನನ್ನೇ ನೋಡಿದರು. "ಮೊದ್ಲು ನಿಮ್ಮನೇದ್ ತಕ್ಕಬಾವ್ವ. ಆಮ್ಯಾಲ ನಮ್ಮನ್ ಕೇಳು," ಎಂದರು.

ಮಾತು ಸರಿಯಾಗಿತ್ತು. ನಮ್ಮ ಮನೆಯ ಪಾಲು ನಮ್ಮತ್ತೆ ಚಿಕ್ಕಮಲ್ಲಮ್ಮನವರ ಅರಿಸಿನದ ಮಡಿಗೆ ಬಿದ್ದಿತ್ತು. ಬಿತ್ತನೆ ಮುಗಿದು ಮೊಳಕೆ ಇಣುಕುತ್ತಿತ್ತು. ಬೆಳಿಗ್ಗೆ ನಾನು ಗುದ್ದಲಿ ಹಿಡಿದು ಮಡಿಗೆ ಇಳಿದೆ. ಅತ್ತೆ ಓಡಿ ಬಂದರು.

"ಅಯ್ಯೋ ನಿನ್ ಕೈ ಸೇದೋಗ! ಮೊಳ್ಕೆ ಕಣಮ್ಮಿ ಅದು! ಮೊಳ್ಕೆ ಮ್ಯಾಲ ಗುದ್ಲಿ ಆಕ್ತೀಯಾ?"

"ಬೇರೆ ಕಡೆ ನಾಟಿ ಮಾಡ್ಕೊಡ್ತೀನಿ ಅತ್ತೆ. ಕಟ್ಟೆ ಹೋದ್ರ ಬೇರೆ ಕಟ್ಟೆ ಎಲ್ಲಿಂದ ತರನ?"

"ನಂಗ ಆನೆ ಮುಖ್ಯ ಅಲ್ಲ, ಅರಿಸ್ನ ಮುಖ್ಯ!"

ನಾನು ಕೈ ನಿಲ್ಲಿಸಲಿಲ್ಲ. ಒಂದೊಂದು ಗೆಡ್ಡೆಯನ್ನೂ ಎತ್ತಿ ಮಂಕರಿಗೆ ಹಾಕಿ, ಕೆಳಗಿನ ಜೇಡಿಯನ್ನು ಅಗೆದು ಗಾಡಿಗೆ ತುಂಬಿದೆ. ಆ ಮಡಿಯನ್ನು ಅತ್ತೆ ಎಷ್ಟು ಪ್ರೀತಿಯಿಂದ ಮಾಡಿದ್ದರು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೂ ಬೆನ್ನು ತಿರುಗಿಸಿ ಕೂತರು.

ನಮ್ಮ ಗಾಡಿ ಊರಿನ ನಡುವೆ ಹಾದು ಹೋದದ್ದನ್ನು ಎಲ್ಲರೂ ನೋಡಿದರು. ಮರುದಿನ ಕರಿಬಸವಯ್ಯನವರ ಟ್ರ್ಯಾಕ್ಟರು ಬಂತು. ಆಮೇಲೆ ಒಬ್ಬೊಬ್ಬರೇ ಬಂದರು, ಕೆಲವರು ಬೈದುಕೊಂಡೇ ಸುರಿದರು. ನಮ್ಮ ಯಜಮಾನರು ಬೋರ್‌ವೆಲ್ಲಿನಿಂದ ಪೈಪು ಎಳೆದು ಜೇಡಿ ನೆನೆಸಿದರು. ಸ್ಪಂದನಾ ಮೈಸೂರಿನಿಂದ ಬಂದು ಚೂಡಿದಾರ ಎತ್ತಿ ಕಟ್ಟಿ ಕೆಸರಿಗಿಳಿದಳು.

ಈಗ ದನ ಬೇಕು. ಆದರೆ ಅತ್ತೆಯ ಜೋಡೆತ್ತನ್ನು ಕೇಳುವ ಮುಖ ನನಗಿರಲಿಲ್ಲ. ಊರಲ್ಲಿ ಉಳಿದಿರುವುದೆಲ್ಲ ಸೀಮೆ ಹಸು, ಕೆಸರು ಕಂಡರೆ ಹಿಂದೆ ಜಗ್ಗುತ್ತವೆ. ಎಳೆದೂ ಎಳೆದೂ ಸುಸ್ತಾಗಿ ನಾವು ಏರಿಯ ಮೇಲೆ ಕೂತಿದ್ದಾಗ ನಮ್ಮತ್ತೆ ಬಂದರು. ಕೈಯಲ್ಲಿ ನಮ್ಮ ಮನೆಯ ಜೋಡೆತ್ತಿನ ಹಗ್ಗ.

"ನನ್ ಮಣ್ಣ ಅಗ್ದು ತಂದು ಇಂಗ್ ಸುಮ್ನ ಕೂತಿದ್ದೀರಾ?" ಎಂದು ಎಲ್ಲರಿಗೂ ಗದರಿಸಿ ಎತ್ತನ್ನು ಇಳಿಸಿಯೇಬಿಟ್ಟರು. ಎತ್ತು ಮುಂದಾದ ಮೇಲೆ ಹಸುಗಳೂ ಹಿಂದೆ ಬಂದವು. ಸುತ್ತಿ ಸುತ್ತಿ ತುಳಿಸಿದೆವು. ಹಿಮ್ಮಡಿಗೆ ಜೇಡಿ ಗಟ್ಟಿಯಾಗಿ ತಾಗುವವರೆಗೆ ಯಾರನ್ನೂ ಮೇಲೆ ಹತ್ತಲು ಬಿಡಲಿಲ್ಲ ಅವರು. ನನ್ನ ಜೊತೆ ಮಾತು ಮಾತ್ರ ಇಲ್ಲ.

ಆ ವಾರವೇ ಮಳೆ ಬಿತ್ತು. ಬೆಳಿಗ್ಗೆ ಕಟ್ಟೆ ತುಂಬಿತ್ತು. ಮಧ್ಯಾಹ್ನವೂ ಹಾಗೇ ಇತ್ತು. ಮರುದಿನವೂ ಇಳಿಯಲಿಲ್ಲ. ದಿಲೀಪ ಬಂದು ನೋಡಿ, "ಪಾರ್ಕಿಂಗ್ಗ ಬೇರೆ ಕಡೆ ನೋಡನ ಬುಡಿ," ಎಂದು ಹೋದ.

ಆ ಸಂಜೆ ನಾವೆಲ್ಲ ದೂರದ ದಿಬ್ಬದ ಮೇಲೆ ನಿಂತಿದ್ದೆವು. ಕಾಡಿನಿಂದ ಹೆಣ್ಣಾನೆಯೊಂದು ಮರಿಯ ಜೊತೆ ಬಂದು, ಸದ್ದಿಲ್ಲದೆ ಕಟ್ಟೆಗಿಳಿಯಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಕಣ್ಣು ಮಾತ್ರ ಆನೆಯ ಮೇಲೇ ಇತ್ತು.

"ಕುಡಿ ಕಣವ್ವ, ನಿಧಾನುಕ್ ಕುಡಿ," ಎಂದರು. "ನನ್ ಅರಿಸ್ನದ್ ಮಡಿ ಮಣ್ಣದು. ಸೋರಕ್ಕಿಲ್ಲ."